ಲಿಂಕೇಶನ ಹಾಡು ಶುಕ್ರವಾರ ಬರುತ್ತದೆ

ಬೆಂಗಳೂರಿನಲ್ಲಿ ಈಗ ಕ್ರಾಸಿಗೊಬ್ಬ ಇದ್ದಾನೆ. ವಯಸ್ಸು ಇಪ್ಪತ್ತೈದರ ಮೇಲೆ, ಮೂವತ್ತೈದರ ಒಳಗೆ. ಗಡ್ಡ ಉಂಟು. ಹಗಲು ಕಂಪನಿಯ ಲ್ಯಾಪ್‌ಟಾಪು, ರಾತ್ರಿ ಗಿಟಾರು. ರಸ್ತೆಯಲ್ಲಿ ಸಿಕ್ಕರೆ ಮಳೆ, ಟ್ರಾಫಿಕ್ಕು, ನಿಮ್ಮ ಮಂಡಿನೋವು ಎಂದು ಮರ್ಯಾದೆಯಾಗಿಯೇ ಮಾತು ಶುರುಮಾಡುತ್ತಾನೆ. ಮೂರನೆಯ ವಾಕ್ಯಕ್ಕೆ ‘ಅಂದ ಹಾಗೆ ಅಂಕಲ್, ನಂದೊಂದು ಸಾಂಗ್ ಬರ್ತಾ ಇದೆ’ ಎನ್ನುತ್ತಾನೆ. ‘ಓ, ಭೇಷ್’ ಎಂದು ನೀವು ಬಾಯಿ ಮುಚ್ಚುವ ಮೊದಲೇ ನಿಮ್ಮ ಜೇಬು ಟಿಂಗ್ ಎನ್ನುತ್ತದೆ. ಲಿಂಕ್ ಬಂದಿದೆ.

ನಮ್ಮ ಹನುಮಂತನಗರದ ಕ್ರಾಸಿನವನಿಗೆ ಮನೆಯವರು ಇಟ್ಟ ಹೆಸರು ಬೇರೆ, ಕ್ರಾಸಿನವರು ಇಟ್ಟದ್ದು ಲಿಂಕೇಶ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಎದುರಿಗೆ ಅವನು ‘ಇಂಡಿಪೆಂಡೆಂಟ್ ಆರ್ಟಿಸ್ಟ್’. ಯಾರಿಂದಪ್ಪಾ ಇಂಡಿಪೆಂಡೆಂಟು ಎಂದು ಹಾಲಿನ ಬೂತಿನವರು ಒಮ್ಮೆ ಕೇಳಿದ್ದರು. ‘ಲೇಬಲ್‌ಗಳಿಂದ ಸಾರ್, ಆಡಿಯೋ ಕಂಪನಿಗಳಿಂದ’ ಎಂದು ಎದೆಯುಬ್ಬಿಸಿ ಹೇಳಿದ. ಕಂಪನಿ ಇದ್ದಿದ್ದರೆ ರೆಕಾರ್ಡಿಂಗಿಗೊಬ್ಬ, ಪೋಸ್ಟರಿಗೊಬ್ಬ, ಪತ್ರಿಕೆಯವರಿಗೆ ಫೋನು ಮಾಡುವುದಕ್ಕೊಬ್ಬ ಇರುತ್ತಿದ್ದರು. ಸ್ವತಂತ್ರನಾದ ಮೇಲೆ ಅವರೆಲ್ಲರ ಕೆಲಸವೂ ಇವನದೇ. ಹಾಡುವುದು ಬಿಡುವಾದಾಗ.

ಸ್ಟುಡಿಯೋ ಎಂದರೆ ಅಮ್ಮನ ವಾರ್ಡ್‌ರೋಬು. ನೇತುಹಾಕಿದ ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ, ಇದು ಸುಳ್ಳಲ್ಲ. ಹಾಗಾಗಿ ಅವನು ಎರಡು ಮೈಸೂರು ಸಿಲ್ಕಿನ ನಡುವೆ ತಲೆ ತೂರಿಸಿ ನಿಂತು ಹಾಡುತ್ತಾನೆ. ಫ್ಯಾನು ಹಾಕುವಂತಿಲ್ಲ, ಸದ್ದು ಬೀಳುತ್ತದೆ. ಏಪ್ರಿಲ್‌ನಲ್ಲಿ ಹಾಡಿದ ಹಾಡುಗಳಲ್ಲಿ ಕೇಳುವ ಆ ಭಾವತೀವ್ರತೆಗೆ ಸೆಕೆಯೂ ಒಂದು ಕಾರಣ. ಕಂಡೆನ್ಸರ್ ಮೈಕಿಗೆ ನಮ್ಮ ನಿಮ್ಮ ಕಿವಿಯ ದಾಕ್ಷಿಣ್ಯವಿಲ್ಲ. ಪಕ್ಕದ ಮನೆಯ ನೀರಿನ ಮೋಟಾರು, ಹಳೇ ಪೇಪರಿನವನ ಕೂಗು, ಎಲ್ಲವನ್ನೂ ಹಿಡಿಯುತ್ತದೆ. ಅವನ ಮೊದಲ ಹಾಡಿನ ಚರಣದಲ್ಲಿ ಕುಕ್ಕರ್ ಒಮ್ಮೆ ಕೂಗುತ್ತದೆ. ಅಳಿಸಲಾಗಲಿಲ್ಲ, ‘ಆಂಬಿಯನ್ಸ್’ ಎಂದು ಬಿಟ್ಟುಬಿಟ್ಟ. ಕೇಳಿದವರು ಕಡಿಮೆ, ಕೇಳಿದವರೆಲ್ಲ ಅದನ್ನೇ ಹೊಗಳಿದರು.

ಹಾಡು ಮುಗಿಯಿತೆಂದರೆ ಸಂಗೀತ ಮುಗಿಯಿತು, ಗುಮಾಸ್ತಗಿರಿ ಶುರು. ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿದರೆ ಹಾಡನ್ನು ಎಲ್ಲ ಆ್ಯಪುಗಳಿಗೂ ತಲುಪಿಸುವ ವಿತರಕ ಸಂಸ್ಥೆಗಳಿವೆ. ಅವರ ಅರ್ಜಿ ರೇಷನ್ ಕಾರ್ಡಿನ ಅರ್ಜಿಗೇನೂ ಕಡಿಮೆಯಿಲ್ಲ. ಮುಖಚಿತ್ರ ಚೌಕಾಕಾರವಿರಬೇಕು, ಮೂರು ಸಾವಿರಕ್ಕೆ ಮೂರು ಸಾವಿರ ಪಿಕ್ಸೆಲ್. ಪ್ರತಿ ಹಾಡಿಗೂ ಹನ್ನೆರಡು ಅಕ್ಷರ-ಅಂಕಿಗಳ ಐಎಸ್ಆರ್‌ಸಿ ಎಂಬ ಗುರುತಿನ ಸಂಖ್ಯೆ. ಪ್ರಕಾರ ಯಾವುದು ಎಂಬ ಪಟ್ಟಿಯಲ್ಲಿ ಅವನು ಭಾವಗೀತೆಯನ್ನು ಹುಡುಕಿ, ಸುಗಮ ಸಂಗೀತವನ್ನು ಹುಡುಕಿ, ಕೊನೆಗೆ ‘ವರ್ಲ್ಡ್’ ಎಂಬುದಕ್ಕೆ ಟಿಕ್ ಹಾಕಿದ. ಸಾಹಿತ್ಯ ಬರೆದವರ ಫಸ್ಟ್ ನೇಮು, ಲಾಸ್ಟ್ ನೇಮು ಬೇಕು ಎಂದರು. ಬರೆದವರು ಅವನ ಸೋದರಮಾವ. ಅವರ ಇನಿಷಿಯಲ್ ಬಿಡಿಸಿದರೆ ಊರು, ತಾತ, ಅಪ್ಪ ಮೂರೂ ಬರುತ್ತವೆ. ಲಾಸ್ಟ್ ನೇಮು ಮಾತ್ರ ಇಲ್ಲ. ಅಡ್ಡಹೆಸರಿನ ಅಭ್ಯಾಸವಿಲ್ಲದ ಹಳೇ ಮೈಸೂರು ಸೀಮೆಯವರ ಕಷ್ಟ ಅಮೆರಿಕದ ಅರ್ಜಿಗೆ ಅರ್ಥವಾಗುವುದಿಲ್ಲ. ಏನೋ ತುಂಬಿದ, ಏನೋ ಆಯಿತು. ಹಾಡು ಬಂದಾಗ ಸಾಹಿತ್ಯ ಎಂಬಲ್ಲಿ ‘ಹಾಸನ’ ಎಂದಷ್ಟೇ ಇತ್ತು. ಮಾವ ದೀಪಾವಳಿಯವರೆಗೂ ಮಾತು ಬಿಟ್ಟರು. ಕೀರ್ತಿ ಜಿಲ್ಲೆಗೆ ಹೋಯಿತು.

ಬಿಡುಗಡೆ ಶುಕ್ರವಾರವೇ ಆಗಬೇಕು. ಇದು ಅವನ ಹಟವಲ್ಲ. 2015ರ ಜುಲೈನಿಂದ ಜಗತ್ತಿನ ಸಂಗೀತ ಉದ್ಯಮವೇ ಹೊಸ ಹಾಡಿಗೆ ಶುಕ್ರವಾರವನ್ನು ಗೊತ್ತುಮಾಡಿಕೊಂಡಿದೆ. ಅವನ ಅಮ್ಮನಿಗೂ ಲಕ್ಷ್ಮಿಯ ವಾರವೆಂದು ಒಪ್ಪಿಗೆಯೇ. ತಕರಾರಿದ್ದದ್ದು ಮುಹೂರ್ತದ್ದು.

‘ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಕಣೋ. ಅಷ್ಟರೊಳಗೆ ಬಿಟ್ಬಿಡು.’

‘ಅಮ್ಮಾ, ಅದು ರಾತ್ರಿ ಹನ್ನೆರಡಕ್ಕೇ ಬಿಡುಗಡೆ ಆಗತ್ತೆ.’

‘ಅರ್ಧರಾತ್ರೀಲಿ ಯಾರೋ ಕೇಳ್ತಾರೆ?’

ಅಮ್ಮನ ಈ ಪ್ರಶ್ನೆಗೆ ಉತ್ತರವಿದ್ದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ಸ್ಪಾಟಿಫೈನವರು ತಮ್ಮ ಸಂಪಾದಕರ ಪ್ಲೇಲಿಸ್ಟಿಗೆ ಹಾಡನ್ನು ಪರಿಗಣಿಸಬೇಕಾದರೆ ಕನಿಷ್ಠ ಏಳು ದಿನ ಮುಂಚೆ ಅರಿಕೆ ಮಾಡಿಕೊಳ್ಳಬೇಕು, ಅದೂ 500 ಅಕ್ಷರಗಳೊಳಗೆ. ಲಿಂಕೇಶ ಆ ಐನೂರು ಅಕ್ಷರಕ್ಕೆ ಪಟ್ಟ ಪಾಡನ್ನು ಹಾಡಿನ ರಾಗಕ್ಕೂ ಪಟ್ಟಿರಲಿಲ್ಲ. ಅದರಲ್ಲಿ ‘ದಖ್ಖನ್’ ಇತ್ತು, ‘ಮಣ್ಣು’ ಇತ್ತು, ‘ಆತ್ಮಶೋಧ’ ಇತ್ತು, ಎಲ್ಲ ಇಂಗ್ಲಿಷಿನಲ್ಲಿ. ಹಾಡು ಮಾತ್ರ ಮೆಜೆಸ್ಟಿಕ್ಕಿನ ಬಸ್ ಸ್ಟ್ಯಾಂಡಿನ ಮೇಲೆ.

ಆ ವೇಳೆಗೆ ಕ್ರಾಸಿನಲ್ಲಿ ಪ್ರಚಾರ ಕಾವೇರಿತ್ತು. ಮೊದಲು ‘ಏನೋ ಬರ್ತಿದೆ’ ಎಂಬ ಕಪ್ಪು ಪೋಸ್ಟರು. ಆಮೇಲೆ ಟೀಸರು ಬರುವ ದಿನಾಂಕದ ಪೋಸ್ಟರು. ಆಮೇಲೆ ಟೀಸರು. ಅಪ್ಪನ ವಾಕಿಂಗ್ ಗುಂಪು, ಅಮ್ಮನ ಲಲಿತಾ ಸಹಸ್ರನಾಮದ ಗುಂಪು, ಹೈಸ್ಕೂಲು ಸಹಪಾಠಿಗಳ ಗುಂಪು, ಹಿಂದಿನ ಕಂಪನಿಯ ಕ್ಯಾಬ್ ಗುಂಪು, ಯಾವುದನ್ನೂ ಬಿಡಲಿಲ್ಲ. ಗುಂಪಿನ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯ ಕೆಳಗೆ ‘ಓಂ ಶಾಂತಿ’, ‘ಓಂ ಶಾಂತಿ’, ‘ಪ್ರೀ-ಸೇವ್ ಮಾಡಿ’ ಎಂದು ಬಂದು ಸಣ್ಣ ರಾದ್ಧಾಂತವೂ ಆಯಿತು. ಪ್ರೀ-ಸೇವ್ ಎಂದರೆ ಇನ್ನೂ ಬಾರದ ಹಾಡನ್ನು ಈಗಲೇ ಮೆಚ್ಚಿ ಕಾದಿರಿಸುವುದು. ನಮ್ಮ ಮನೆಯವಳು ಅದನ್ನು ಕೇಳಿ, ‘ಹುಡುಗಿ ನೋಡದೆ ತಾಂಬೂಲ ಬದಲಾಯಿಸಿದ ಹಾಗಾಯ್ತು’ ಎಂದಳು. ವಾಕಿಂಗ್ ಗುಂಪಿನವರು ಒಟ್ಟಾಗಿ ಕೊಟ್ಟ ಉತ್ತರ: ‘ಯೂಟ್ಯೂಬ್‌ನಲ್ಲಿ ಹಾಕಪ್ಪಾ, ನೋಡೋಣ.’ ಇಪ್ಪತ್ತೆರಡು ಹೆಬ್ಬೆರಳು ಬಂದವು. ಹೆಬ್ಬೆರಳು ಒತ್ತುವುದಕ್ಕೆ ಹಾಡು ಕೇಳಬೇಕಾಗಿಲ್ಲ.

ರೀಲ್ಸ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಮರುಕ ಹುಟ್ಟುತ್ತದೆ. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮುಂದಕ್ಕೆ ತಳ್ಳುತ್ತದಂತೆ. ಅದಕ್ಕಾಗಿ ಅವನು ಹಾಡಿನ ಆರಂಭದಲ್ಲಿದ್ದ ಪಿಟೀಲನ್ನೇ ಕತ್ತರಿಸಿದ. ನುಡಿಸಿದವರು ಅರವತ್ತು ದಾಟಿದ ವಿದ್ವಾಂಸರು, ದುಡ್ಡೂ ತೆಗೆದುಕೊಂಡಿರಲಿಲ್ಲ. ಆಮೇಲೆ ಅದೇ ಸಾಲನ್ನು ಟೆರೇಸಿನಲ್ಲಿ ಹಾಡಿದ, ಮಳೆಯಲ್ಲಿ ಹಾಡಿದ, ಫಿಲ್ಟರ್ ಕಾಫಿ ಸುರಿಯುತ್ತ ಹಾಡಿದ, ಲಾಲ್‌ಬಾಗಿನ ಬಂಡೆಯ ಮೇಲೆ ಹಾಡಲು ಹೋಗಿ ಕಾವಲಿನವನಿಂದ ಬೈಸಿಕೊಂಡು ಬಂದ. ‘ಈ ಹಾಡು ಯಾರನ್ನು ನೆನಪಿಸಿತೋ ಅವರಿಗೆ ಕಳಿಸಿ’ ಎಂದು ಮೇಲೆ ಬರೆದ. ಯಾರಿಗೂ ಯಾರೂ ನೆನಪಾಗಲಿಲ್ಲ.

ಕೊನೆಗೊಂದು ರೀಲು ಓಡಿತು. ಅಡುಗೆಮನೆಯ ಬಾಗಿಲಲ್ಲಿ ಕಣ್ಣುಮುಚ್ಚಿ ಪಲ್ಲವಿ ಎತ್ತುತ್ತಿದ್ದಾಗ ಹಿಂದಿನಿಂದ ಅಮ್ಮ ‘ಅಯ್ಯೋ ಹಾಲು ಉಕ್ತು ನೋಡೋ, ನಿನ್ ಹಾಡಿಗಿಷ್ಟು!’ ಎಂದು ಕೂಗಿದ್ದು ಹಾಗೇ ದಾಖಲಾಗಿತ್ತು. ಎರಡು ಲಕ್ಷ ಜನ ನೋಡಿದರು. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರ ರೀಲಿನ ಧ್ವನಿಯನ್ನು ಇನ್ನೊಬ್ಬರು ಎತ್ತಿ ಬಳಸಿಕೊಳ್ಳಬಹುದು. ಮಂಗಳೂರಿನಿಂದ ಬೀದರಿನವರೆಗೆ ಹುಡುಗರು ಅಮ್ಮನ ಆ ಮಾತಿಗೆ ಬಾಯಾಡಿಸಿದರು. ಬಾಯಾಡಿಸಿದ್ದೆಲ್ಲ ಅಮ್ಮನ ಮಾತಿಗೆ, ಅದರ ಹಿಂದಿದ್ದ ಪಲ್ಲವಿಗಲ್ಲ. ‘ಏನೋ, ನನ್ನ ಮಾತಿಗೂ ರಾಯಲ್ಟಿ ಬರತ್ತಾ?’ ಎಂದು ಅಮ್ಮ ಕೇಳಿದರು. ಅವನು ಎರಡು ದಿನ ಊಟಕ್ಕೆ ಕೆಳಗೆ ಬರಲಿಲ್ಲ. ಮೂರನೆಯ ದಿನ ಬಂದು, ‘ಅಮ್ಮಾ, ಇನ್ನೊಂದ್ಸಲ ಹಾಲು ಉಕ್ಕಿಸ್ತೀಯಾ?’ ಎಂದ.

ಇನ್ನು ಅಂಕಿಸಂಖ್ಯೆ. ಮೊಬೈಲಿನಲ್ಲಿ ಕಲಾವಿದರಿಗೆಂದೇ ಒಂದು ಆ್ಯಪ್ ಇದೆ. ಯಾವ ಊರಲ್ಲಿ ಎಷ್ಟು ಜನ ಕೇಳಿದರು ಎಂದು ತೋರಿಸುತ್ತದೆ. ಲಿಂಕೇಶ ಅದನ್ನು ಸಿಗ್ನಲ್ಲಿನಲ್ಲಿ ನೋಡುತ್ತಾನೆ, ಲಿಫ್ಟಿನಲ್ಲಿ ನೋಡುತ್ತಾನೆ, ಮಂಗಳಾರತಿ ಆಗುತ್ತಿರುವಾಗಲೂ ನೋಡುತ್ತಾನೆ. ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಸಲ ಕೇಳಿದ ಲೆಕ್ಕ. ಇಪ್ಪತ್ತೊಂಬತ್ತಕ್ಕೆ ಬಿಟ್ಟರೆ ಸೊನ್ನೆ. 2024ರಿಂದ ಸ್ಪಾಟಿಫೈನಲ್ಲಿ ಇನ್ನೊಂದು ನಿಯಮ ಬಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ಸಾವಿರ ದಾಟಿದರೂ ಬರುವುದು ಪೈಸೆಯ ಲೆಕ್ಕದಲ್ಲಿ. ಅವನ ಅಪ್ಪ ನಿವೃತ್ತ ಅಕೌಂಟೆಂಟು. ಮೈಕು, ಮಿಕ್ಸಿಂಗು, ಮಾಸ್ಟರಿಂಗು, ವಿತರಕನ ಚಂದಾ ಎಂದು ಹಳೆಯ ಡೈರಿಯಲ್ಲಿ ಖರ್ಚಿನ ಪುಟ ತುಂಬಿಸಿದ್ದಾರೆ. ಜಮೆಯ ಪುಟ ಬಿಳಿಯದು. ಬೈದದ್ದಿಲ್ಲ. ‘ಸಿಗರೇಟು ಸೇದ್ತಿದ್ರೆ ಇದಕ್ಕಿಂತ ಜಾಸ್ತಿ ಆಗ್ತಿತ್ತು’ ಎಂದು ನನ್ನೊಡನೆ ಒಮ್ಮೆ ಹೇಳಿದರು.

ಈ ಸಾವಿರದ ಆಸೆಯೇ ಅವನನ್ನು ಕೆಡಿಸಿದ್ದು. ಒಂದೂವರೆ ಸಾವಿರ ಕೊಟ್ಟರೆ ದೊಡ್ಡ ಪ್ಲೇಲಿಸ್ಟಿಗೆ ಸೇರಿಸುತ್ತೇವೆ ಎಂದು ಯಾರೋ ಮೆಸೇಜು ಮಾಡಿದ. ಕೊಟ್ಟ. ರಾತ್ರಿ ಬೆಳಗಾಗುವುದರಲ್ಲಿ ಹೆಲ್ಸಿಂಕಿಯಲ್ಲಿ ಅವನಿಗೆ ನಾಲ್ಕು ಸಾವಿರ ಅಭಿಮಾನಿಗಳು. ಮೆಜೆಸ್ಟಿಕ್ಕಿನ ಬಸ್ ಸ್ಟ್ಯಾಂಡಿನ ಬಗ್ಗೆ ಫಿನ್ಲೆಂಡಿನವರಿಗೆ ಈ ಪರಿ ಕಳಕಳಿ ಯಾಕೆ ಎಂಬ ಸಂಶಯ ನಮಗೆಲ್ಲ ಬಂತು, ಅವನಿಗೆ ಬರಲಿಲ್ಲ. ‘ಮ್ಯೂಸಿಕ್‌ಗೆ ಭಾಷೆ ಇಲ್ಲ ಅಂಕಲ್’ ಎಂದ. ಕೇಳಿದವರು ಮನುಷ್ಯರೇ ಆಗಿರಲಿಲ್ಲ, ಯಂತ್ರಗಳು. ನಕಲಿ ಕೇಳುಗರು ಪತ್ತೆಯಾದರೆ ವಿತರಕರಿಗೆ ದಂಡ ಬೀಳುತ್ತದೆ, ಆದ್ದರಿಂದ ವಿತರಕರು ಹಾಡನ್ನೇ ಕಿತ್ತುಹಾಕಿದರು. ಹೊಸ ಅರ್ಜಿ, ಹೊಸ ಶುಕ್ರವಾರ, ಮತ್ತೆ ಕಪ್ಪು ಪೋಸ್ಟರು.

ನಡುವೆ ಬುದ್ಧಿವಂತಿಕೆಯೊಂದನ್ನು ಮಾಡಿದ. ಹೊಸಗಾಲದ ಕವಿಗಳ ಪದ್ಯಕ್ಕೆ ರಾಗ ಹಾಕಿದರೆ ಹಕ್ಕಿನ ತೊಡಕು. ಕವಿ ತೀರಿಕೊಂಡು ಅರವತ್ತು ವರ್ಷವಾಗುವವರೆಗೆ ಹಕ್ಕು ಮನೆಯವರದು. ಅದಕ್ಕೇ ಪುರಂದರದಾಸರ ಪದವೊಂದನ್ನು ಹಾಡಿ ಯೂಟ್ಯೂಬಿಗೆ ಏರಿಸಿದ. ದಾಸರು ಕಾಲವಾದದ್ದು 1564ರಲ್ಲಿ ಎನ್ನುತ್ತಾರೆ, ಇನ್ನೇನು ಭಯ? ಸಂಜೆಯೊಳಗೆ ಒಂದು ಕಂಪನಿಯಿಂದ ಕಾಪಿರೈಟ್ ಕ್ಲೇಮ್ ಬಂತು. ಅದೇ ರಾಗದಲ್ಲಿ ಯಾರೋ ಹಾಡಿದ್ದ ಧ್ವನಿಮುದ್ರಿಕೆಗೂ ಇದಕ್ಕೂ ತಾಳೆಯಾಗುತ್ತದೆ ಎಂದು ಯಂತ್ರ ತೀರ್ಮಾನಿಸಿತ್ತು. ಆಕ್ಷೇಪಣೆ ಸಲ್ಲಿಸಬಹುದು. ಅದು ಮೊದಲು ಹೋಗುವುದು ಕ್ಲೇಮ್ ಹಾಕಿದವರ ಬಳಿಗೇ, ಉತ್ತರಿಸಲು ಅವರಿಗೆ 30 ದಿನ. ದಾಸರು ಎಲ್ಲವನ್ನೂ ಬಿಟ್ಟು ತಂಬೂರಿ ಹಿಡಿದು ಹೊರಟದ್ದು ಯಾಕೆಂದು ಲಿಂಕೇಶನಿಗೆ ಅಂದು ಸ್ವಲ್ಪ ಹೊಳೆಯಿತು.

ಹಿಂದೆ ಹೀಗಿರಲಿಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳನ್ನು ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ತಂದರು. ಅವರು ಹಾಡಿದರೆ ಸಾಕಿತ್ತು. ನಿಸಾರರು ಬರೆದರೆ ಸಾಕಿತ್ತು. ಇಬ್ಬರಲ್ಲಿ ಯಾರೂ ನಡುರಸ್ತೆಯಲ್ಲಿ ನಿಂತು ತಮ್ಮನ್ನೇ ಚಿತ್ರಿಸಿಕೊಳ್ಳುತ್ತ ‘ಹಾಯ್ ಗಯ್ಸ್’ ಎನ್ನಬೇಕಾಗಿರಲಿಲ್ಲ. ಹಾಗೆಂದು ಆ ಕಾಲವೇ ಚಿನ್ನ ಎನ್ನುವವನು ನಾನಲ್ಲ. ಕಂಪನಿಯ ಬಾಗಿಲು ತೆರೆಯದೆ ಎಷ್ಟು ಕೊರಳುಗಳು ಊರ ದೇವಸ್ಥಾನದ ಭಜನೆಯಲ್ಲೇ ಉಳಿದುಹೋದವೋ ಬಲ್ಲವರಾರು. ಈಗ ಬಾಗಿಲೇ ಇಲ್ಲ. ಹನುಮಂತನಗರದ ವಾರ್ಡ್‌ರೋಬಿನಿಂದ ಹೊರಟ ಹಾಡು ರಾಜ್‌ಕುಮಾರರ ಹಾಡಿರುವ ಅಂಗಡಿಯಲ್ಲೇ ಕೂತಿರುತ್ತದೆ. ‘ಇದನ್ನೂ ಕೇಳಿ ನೋಡಿ ಸ್ವಾಮಿ’ ಎನ್ನುವ ಅಂಗಡಿಯವನು ಮಾತ್ರ ಇಲ್ಲ.

ಲಿಂಕೇಶನಿಗೆ ಬೇಡಿಕೆ ಬರುವ ತಿಂಗಳೊಂದಿದೆ, ನವೆಂಬರ್. ಹೋದ ರಾಜ್ಯೋತ್ಸವಕ್ಕೆ ಪಕ್ಕದ ಅಪಾರ್ಟ್‌ಮೆಂಟಿನವರು ಕರೆದರು. ಮಕ್ಕಳ ವೇಷಭೂಷಣ ಸ್ಪರ್ಧೆಗೂ ಹೌಸಿ ಆಟಕ್ಕೂ ನಡುವೆ ಐದು ನಿಮಿಷ, ಸಂಭಾವನೆಗೆ ಶಾಲು ಮತ್ತು ಬಿಸಿಬೇಳೆಬಾತ್. ಮೂರು ನಿಮಿಷ ಗಿಟಾರಿನ ಶ್ರುತಿಗೇ ಹೋಯಿತು. ನಾಲ್ಕನೆಯ ನಿಮಿಷ ಹಾಡಿನ ಹುಟ್ಟಿನ ಕಥೆ. ಪಲ್ಲವಿ ಎತ್ತಿಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಿಂದ ‘ಆಕಸ್ಮಿಕದ್ದು ಹಾಡಪ್ಪಾ, ಅಣ್ಣಾವ್ರದ್ದು!’ ಎಂಬ ಕೂಗು. ಹಾಡಿದ. ಇಡೀ ಅಪಾರ್ಟ್‌ಮೆಂಟು ಎದ್ದು ಕುಣಿಯಿತು. ಅಂದು ತೆಗೆದ ವೀಡಿಯೋ ಅವನ ಪುಟದಲ್ಲಿದೆ: ‘ನನ್ನ ಲೈವ್ ಶೋಗೆ ಜನರ ಪ್ರತಿಕ್ರಿಯೆ’. ಧ್ವನಿ ತೆಗೆದುಹಾಕಿದ್ದಾನೆ.

ನಗುವುದೆಲ್ಲ ನಕ್ಕಾಯಿತು, ಒಂದು ಮಾತು ಹೇಳಲೇಬೇಕು. ಅವನ ಮೆಜೆಸ್ಟಿಕ್ ಹಾಡು ಚೆನ್ನಾಗಿದೆ. ಮೆಜೆಸ್ಟಿಕ್ಕಿನ ಬಸ್ ಸ್ಟ್ಯಾಂಡು ಎದ್ದಿರುವುದು ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ. ಹಾಸನದಿಂದ ಮೊದಲ ಸಲ ಕೆಲಸ ಹುಡುಕಿಕೊಂಡು ಬಂದಿಳಿದ ಮಾವ, ತಾನು ನಿಂತಿರುವುದು ನೀರಿನ ಮೇಲೆ ಎಂದು ಬಹಳ ಕಾಲದ ಮೇಲೆ ತಿಳಿದು ಬರೆದ ಪದ್ಯ ಅದು. ಎರಡನೆಯ ಚರಣದಲ್ಲಿ, ನಡುರಾತ್ರಿ ಟ್ರಂಕಿನ ಮೇಲೆ ಕೂತು ಬಸ್ಸು ಕಾಯುವವರೆಲ್ಲ ಆ ಕೆರೆಯ ಹಳೆಯ ಮೀನುಗಳೇ ಇರಬಹುದೆ ಎಂಬ ಅನುಮಾನ ಬರುತ್ತದೆ. ಅಲ್ಲಿ ಹುಡುಗ ಗಿಟಾರನ್ನೂ ನಿಲ್ಲಿಸಿ ಬರಿಯ ಕೊರಳಲ್ಲಿ ಹಾಡಿದ್ದಾನೆ. ಅಲ್ಲೊಂದು ಕಡೆ ಸ್ವರ ತುಸು ಅಲುಗುತ್ತದೆ, ಅದನ್ನು ಯಂತ್ರದಲ್ಲಿ ತಿದ್ದಿಸದೆ ಬಿಟ್ಟ ವಿವೇಕ ಅವನದು. ಅವನ ಎಲ್ಲ ಪ್ರಚಾರದಲ್ಲೂ ಈ ಚರಣದ ಸುದ್ದಿಯೇ ಇಲ್ಲ. ರೀಲಿಗೆ ಕತ್ತರಿಸಿದ ಹದಿನೈದು ಸೆಕೆಂಡಿನಲ್ಲಿ ಅದಕ್ಕೆ ಜಾಗವಿಲ್ಲ, ಲಿಂಕು ಒತ್ತಿದವರು ಅಲ್ಲಿಯವರೆಗೆ ಹೋಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ನಿಮ್ಮ ಕ್ರಾಸಿನಲ್ಲೂ ಒಬ್ಬ ಇದ್ದೇ ಇರುತ್ತಾನೆ, ಬರುವ ಶುಕ್ರವಾರ ಅವನ ಲಿಂಕೂ ಬರುತ್ತದೆ. ಹೆಬ್ಬೆರಳು ಒತ್ತಬೇಡಿ, ‘ಸೂಪರ್ ಮಗಾ’ ಎಂದೂ ಬರೆಯಬೇಡಿ. ಹಾಡನ್ನು ಹಾಕಿ ಫೋನನ್ನು ಮೇಜಿನ ಮೇಲಿಟ್ಟು ನಿಮ್ಮ ಕಾಫಿ ಕುಡಿಯಿರಿ. ಹಿಡಿಸದಿದ್ದರೆ ನಿಲ್ಲಿಸಿ, ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಲ್ಲಿಸುವುದಾದರೆ ಮೂವತ್ತು ಸೆಕೆಂಡು ದಾಟಿದ ಮೇಲೆ ನಿಲ್ಲಿಸಿ.