ಅಕ್ಷರ ಸಿಗದ ಡಿಸ್ಕಿನ ಹೇಳಿಕೆ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಕಂಪ್ಯೂಟರ್ ಗುರುತಿಸುತ್ತಿಲ್ಲ ಎಂಬ ದೂರಿನಲ್ಲಿ ಸಾಮಾನ್ಯವಾಗಿ ಎರಡೇ ಕಡೆಯವರ ಮಾತು ದಾಖಲಾಗುತ್ತದೆ. ಮಾಲೀಕ ಗೋಳಾಡುತ್ತಾನೆ, ಕಂಪ್ಯೂಟರ್ ಪರದೆಯ ಮೇಲೆ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ. ಡಿಸ್ಕನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಹೇಳಿಕೆ ಕೊಟ್ಟಿರುವುದು ಎರಡೂವರೆ ಇಂಚಿನ, 1 ಟಿಬಿ ಡಿಸ್ಕು. ವಾಸ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ. ಹೊಟ್ಟೆಯಲ್ಲಿ ಒಂದು ಮದುವೆ, ಎರಡು ನಾಮಕರಣ, ಒಂದು ಗೃಹಪ್ರವೇಶ. ಡ್ರೈವ್ ಅಕ್ಷರ ಸಿಗದವರಿಗೆ ‘ನಾನು’ ಎನ್ನುವ ಹಕ್ಕಿಲ್ಲವೆಂದು ಅದು ಕೊನೆಯವರೆಗೂ ತನ್ನನ್ನು ಡಿಸ್ಕು ಎಂದೇ ಕರೆದುಕೊಂಡಿತು.

ಪ್ರಶ್ನೆ: ಸಿಕ್ಕಿಸಿದರೂ ತಾವು ಏಳುವುದಿಲ್ಲ ಎಂಬ ಆರೋಪವಿದೆ.

ಡಿಸ್ಕು: ಉಪವಾಸವಿಟ್ಟು ಏಳು ಎಂದರೆ ಹೇಗೆ? ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗಬೇಕು. ನಿಂತ ತಟ್ಟೆಯನ್ನು ಎಬ್ಬಿಸುವ ಮೊದಲ ಕೆಲವು ಸೆಕೆಂಡು ಡಿಸ್ಕಿಗೆ ಒಂದು ಆಂಪಿಯರ್‌ನಷ್ಟು ಕರೆಂಟು ಬೇಕಾಗಬಹುದು. ಯುಎಸ್‌ಬಿ 2.0 ಪೋರ್ಟಿನ ಲೆಕ್ಕದ ಬಡಿಸುವಿಕೆ 500 ಮಿಲಿಆಂಪಿಯರ್, 3.0 ಪೋರ್ಟಿನದು 900. ಅದರ ಮೇಲೆ ಮೌಸು, ಕೀಬೋರ್ಡು, ಪೆನ್‌ಡ್ರೈವು, ಚಾರ್ಜಿಗಿಟ್ಟ ಮೊಬೈಲು ಎಲ್ಲವನ್ನೂ ಒಂದೇ ಹಬ್‌ನಲ್ಲಿ ಪಂಕ್ತಿಗೆ ಕೂರಿಸಿದರೆ ಕೊನೆಯ ಎಲೆಗೆ ಬರುವುದು ಉಪ್ಪು ಮಾತ್ರ.

ಆದ್ದರಿಂದ ಹಬ್ ಬಿಟ್ಟು ನೇರ ಪೋರ್ಟಿಗೆ, ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ ನೋಡುವುದು ಮೊದಲ ಕೆಲಸ. ಮೂರೂವರೆ ಇಂಚಿನ ದೊಡ್ಡಣ್ಣನಿಗೆ ಇಷ್ಟು ಸಾಲದು. ಅದಕ್ಕೆ 12 ವೋಲ್ಟಿನ ಅಡಾಪ್ಟರ್ ಪ್ರತ್ಯೇಕ ಬೇಕು.

ಪ್ರಶ್ನೆ: ದೀಪವೇನೋ ಉರಿಯುತ್ತಿದೆಯಲ್ಲ?

ಡಿಸ್ಕು: ದೀಪ ಉರಿಯುವ ಮನೆಯಲ್ಲೆಲ್ಲ ಮಾತುಕತೆ ಇರಬೇಕೆಂದಿದೆಯೇ?

ಹಳೆಯ ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಬರೀ ಚಾರ್ಜಿಂಗಿಗೆಂದು ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ಜೋಡಿಯೇ ಇರುವುದಿಲ್ಲ. ಹಳೆಯ ಮೊಬೈಲಿನ ಅಂಥ ಕೇಬಲ್ಲು ಡಿಸ್ಕಿನ ಅಗಲ ಬಾಯಿಯ ಒಂದು ಭಾಗಕ್ಕೆ ಸರಿಯಾಗಿ ಕೂರುವುದರಿಂದ ಮೋಸ ಗೊತ್ತಾಗುವುದೂ ಇಲ್ಲ. ಸರಿಯಾದ ಚಪ್ಪಟೆ ಕೇಬಲ್ಲೂ ಎಳೆದಾಟದಲ್ಲಿ ಸಡಿಲವಾಗುತ್ತದೆ. ಬೇರೆ ಕೇಬಲ್ಲು, ಬೇರೆ ಕಂಪ್ಯೂಟರ್, ಎರಡನ್ನೂ ಪ್ರಯತ್ನಿಸದೆ ಡಿಸ್ಕು ಸತ್ತಿತೆಂದು ಸಾರುವುದು ನಾಡಿ ಹಿಡಿಯದೆ ಹೊಗೆ ಹಾಕಿದಂತೆ. ಕೇಬಲ್ಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಮದುವೆ ಸಿಗುವುದಿಲ್ಲ ಎಂದು ಡಿಸ್ಕು ಇಲ್ಲಿ ಸೇರಿಸಿತು.

ಮುಂದಿನದು ಹೆಸರಿನ ತಕರಾರು. ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಕಾಣದ ಡಿಸ್ಕು, ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ತೆರೆಯುವ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಎಷ್ಟೋ ಸಲ ಆರೋಗ್ಯವಾಗಿಯೇ ಕುಳಿತಿರುತ್ತದೆ, ಅಕ್ಷರವಷ್ಟೇ ಸಿಕ್ಕಿರುವುದಿಲ್ಲ. ಅದರ ಹಳೆಯ ಅಕ್ಷರದಲ್ಲಿ ಆಫೀಸಿನ ನೆಟ್‌ವರ್ಕ್ ಡ್ರೈವ್ ಬಂದು ಕೂತಿರಬಹುದು. ಅಲ್ಲಿಯೇ ಹೊಸ ಅಕ್ಷರ ಕೊಟ್ಟರೆ ವ್ಯಾಜ್ಯ ಮುಗಿಯಿತು. ಇರುವ 26 ಅಕ್ಷರಗಳಲ್ಲಿ ‘ಎ’ ಮತ್ತು ‘ಬಿ’ಯನ್ನು ಗತಿಸಿದ ಫ್ಲಾಪಿಗಳಿಗೆ ಎತ್ತಿಟ್ಟ ಪದ್ಧತಿಯ ಬಗ್ಗೆ ಕೇಳಿದಾಗ, ಹಿರಿಯರ ಎಡೆಯನ್ನು ಮುಟ್ಟಬಾರದು ಎಂದಷ್ಟೇ ಉತ್ತರ ಬಂತು.

ಪ್ರಶ್ನೆ: ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕಂಪ್ಯೂಟರ್ ಹೇಳಿದರೆ?

ಡಿಸ್ಕು: ಅದು ತನ್ನ ಅಜ್ಞಾನವನ್ನು ಸಲಹೆಯ ರೂಪದಲ್ಲಿ ಹೇಳುತ್ತಿದೆ. ಭಾಷೆ ತಿಳಿಯದ ಪುಸ್ತಕವನ್ನು ಖಾಲಿ ನೋಟ್‌ಬುಕ್ ಎಂದುಕೊಂಡವರು ಹೀಗೆಯೇ ಮಾತಾಡುತ್ತಾರೆ.

ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ರೀತಿಯಲ್ಲಿ ಬರೆದ ಡಿಸ್ಕನ್ನು ವಿಂಡೋಸ್ ತಾನಾಗಿ ಓದದು. ಅಂಥದ್ದನ್ನು ಅದರ ತವರಿನ ಯಂತ್ರಕ್ಕೆ ಹಾಕಿದರೆ ಸಾಕು. ಕಾಪಿ ಆಗುತ್ತಿರುವಾಗಲೇ ಕೇಬಲ್ಲು ಕಿತ್ತದ್ದರಿಂದ ಲೆಕ್ಕ ಕೆಟ್ಟು ‘ರಾ’ ಎಂದು ಕಾಣುವ ಡಿಸ್ಕಿನಲ್ಲಿಯೂ ಫೈಲುಗಳು ಬಹುಪಾಲು ಇದ್ದಲ್ಲೇ ಇರುತ್ತವೆ. ‘ಇನಿಶಿಯಲೈಸ್’ ಮಾಡಲೇ ಎಂಬ ಪ್ರಶ್ನೆಯೂ ಇದೇ ಜಾತಿಯದು: ಹೊಸ ಡಿಸ್ಕಿಗೆ ಒಪ್ಪಬಹುದು, ಮದುವೆ ಹೊತ್ತ ಡಿಸ್ಕಿಗೆ ಕೂಡದು. ಚೆಕ್‌ಡಿಸ್ಕ್ ಎಂಬ ದುರಸ್ತಿ ಆಜ್ಞೆಗೂ ಅವಸರ ಸಲ್ಲದು. ಅದು ಲೆಕ್ಕಪುಸ್ತಕವನ್ನು ಸರಿಹೊಂದಿಸುವ ಗುಮಾಸ್ತ. ಲೆಕ್ಕಕ್ಕೆ ಬಾರದ ಫೈಲನ್ನು ಉಳಿಸುವ ಹಂಗು ಅದಕ್ಕಿಲ್ಲ. ಮೊದಲು ಡಿಸ್ಕಿನ ಪೂರ್ತಿ ನಕಲನ್ನು ಇನ್ನೊಂದಕ್ಕೆ ತೆಗೆದು, ದುರಸ್ತಿಯನ್ನು ಆ ನಕಲಿನ ಮೇಲೆ ಮಾಡುವುದು ಬಲ್ಲವರ ಕ್ರಮ.

ಇಷ್ಟು ಹೇಳುವಷ್ಟರಲ್ಲಿ ಡಿಸ್ಕಿನ ಒಳಗಿನಿಂದ ಟಕ್, ಟಕ್ ಎಂಬ ಸದ್ದು ಕೇಳಿಸಿತು. ಓದುವ ಹೆಡ್ಡು ತಿರುಗುವ ತಟ್ಟೆಗಿಂತ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಜಾಗ ಸಿಗದ ಹೆಡ್ಡು ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಹುಡುಕುವಾಗ ಈ ಸದ್ದು ಬರುತ್ತದೆ. ಆಗ ತಟ್ಟುವುದು, ಫ್ರೀಜರಿನಲ್ಲಿಡುವುದು, ಸ್ಕ್ರೂ ಬಿಚ್ಚುವುದು ಯಾವುದೂ ಔಷಧವಲ್ಲ. ಪೆಟ್ಟಿಗೆಯಿಂದ ಬಿಡಿಸಿ ನೇರ ಸಾಟಾ ಕೇಬಲ್ಲಿಗೆ ಹಾಕುವ ಉಪಾಯ ಕೆಟ್ಟದ್ದು ಪೆಟ್ಟಿಗೆಯ ಸರ್ಕ್ಯೂಟ್ ಮಾತ್ರವಾದಾಗ ಫಲಿಸಬಹುದು. ಆ ಸರ್ಕ್ಯೂಟೇ ಮಾಹಿತಿಯನ್ನು ಗೂಢಲಿಪಿ ಮಾಡುವ ಮಾದರಿಗಳಲ್ಲಿ ಅದೂ ಇಲ್ಲ. ಸದ್ದು ಮಾಡುವ ಡಿಸ್ಕು ತಿರುಗಿದಷ್ಟೂ ತಟ್ಟೆ ಗೀಚಿಹೋಗುವ ಅಪಾಯ ಹೆಚ್ಚುವುದರಿಂದ ಕರೆಂಟು ತಪ್ಪಿಸಿ, ಧೂಳಿಲ್ಲದ ಕೋಣೆಯಲ್ಲಿ ಹೆಡ್ಡು ಬದಲಿಸಬಲ್ಲ ರಿಕವರಿ ಲ್ಯಾಬಿಗೆ ಒಯ್ಯಬೇಕು. ಅಲ್ಲಿನ ಬಿಲ್ಲು ಹೊಸ ಡಿಸ್ಕಿನ ಬೆಲೆಗಿಂತ ಬಹಳ ಹೆಚ್ಚು ಬರುತ್ತದೆ.

ಮದುವೆಯ ಎರಡನೆಯ ಪ್ರತಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಡಿಸ್ಕು ಮಾಲೀಕನ ಕಡೆಗೆ ತಳ್ಳಿತು. ಹೇಳಿಕೆ ಇಲ್ಲಿಗೆ ನಿಂತಿದೆ, ಕೇಬಲ್ಲು ತೆಗೆಯಲಾಗಿದೆ.