ಹೊಸ ಗಾಡಿ

ನಮ್ಮೂರಿನ ಹೆಸರು ಹೊಸ ಅಗ್ರಹಾರ. ಅದು ಯಾವ ಕಾಲದಲ್ಲಿ ಹೊಸದಾಗಿತ್ತೆಂದು ಮಾತ್ರ ಕೇಳಬೇಡಿ. ನಮ್ಮ ತಾತ ಹುಟ್ಟುವಾಗಲೂ ಅದು ಹೊಸ ಅಗ್ರಹಾರವೇ. ಇಂಥ ಊರಿನ ನೀರು ಕುಡಿದ ನಮ್ಮ ದೊಡ್ಡಪ್ಪ 1969ರಲ್ಲಿ ಕೊಂಡ ಜಾವಾ ಮೋಟಾರ್‌ಸೈಕಲ್ಲನ್ನು ಇವತ್ತಿಗೂ ‘ಹೊಸ ಗಾಡಿ’ ಎನ್ನುತ್ತಾರೆಂದರೆ ತಪ್ಪು ಅವರದಲ್ಲ. ಬರೀ ‘ಗಾಡಿ’ ಅಂದರೆ ನಮ್ಮ ಮನೆಯಲ್ಲಿ ಎತ್ತಿನ ಗಾಡಿ. ಅದರ ಮೂಕಿ ನೀರೊಲೆಗೆ ಸೌದೆಯಾಗಿ ಮೂವತ್ತು ವರ್ಷವಾಯಿತು. ಆದರೂ ಹೊಸ ಗಾಡಿ ಹೊಸ ಗಾಡಿಯೇ.

ಈ ಗಾಡಿ ಬಂದದ್ದು ಎತ್ತು ಮಾರಿದ ದುಡ್ಡಿನಲ್ಲಿ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ಕೂಡುವ ದನಗಳ ಜಾತ್ರೆಗೆ ತಾತ ಒಂದು ಜೊತೆ ಹಳ್ಳಿಕಾರ್ ಎತ್ತನ್ನು ದೊಡ್ಡಪ್ಪನ ಕೈಗೆ ಹಗ್ಗ ಕೊಟ್ಟು ಕಳಿಸಿದ್ದರು. ಒಳ್ಳೆ ಬೆಲೆ ಬಂದರೆ ಮಾರಿ ಇನ್ನೊಂದು ಜೊತೆ ಹೋರಿ ಹೊಡೆದುಕೊಂಡು ಬಾ ಎಂದು ಅಪ್ಪಣೆ. ಇಪ್ಪತ್ತಮೂರು ವರ್ಷದ ದೊಡ್ಡಪ್ಪ ಎತ್ತು ಮಾರಿದರು. ಹೋರಿ ಬರಲಿಲ್ಲ. ಎಂಟು ದಿನ ಬಿಟ್ಟು ಮೈಸೂರಿನ ಕಡೆಯಿಂದ ನೀಲಿ ಹೊಗೆ ಬಂತು, ಹೊಗೆಯ ಮುಂದೆ ದೊಡ್ಡಪ್ಪ ಬಂದರು. ತಾತ ಜಗಲಿಯಿಂದ ಎದ್ದು ಬಂದು ಸುತ್ತ ಒಂದು ಸಲ ಬಳಸಿ ನೋಡಿ, “ಇದು ಸಗಣಿ ಹಾಕ್ತದೇನ್ಲಾ?” ಎಂದು ಕೇಳಿದವರು ಆ ಮುಂಗಾರು ಮುಗಿಯುವವರೆಗೆ ಮಗನ ಜೊತೆ ಮಾತಾಡಲಿಲ್ಲವಂತೆ.

ಆಗ ಜಾವಾ ನಮ್ಮವರಿಗೆ ಪರದೇಶದ ಗಾಡಿ ಅನ್ನಿಸಿರಲಿಲ್ಲ, ಮೈಸೂರಿನದೇ ಅನ್ನಿಸಿತ್ತು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರೇ ಉದ್ಘಾಟಿಸಿದ್ದರು. ಮೂಲ ಮಾತ್ರ ಜೆಕೊಸ್ಲೊವಾಕಿಯಾ. ಅಲ್ಲಿ ಜಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ‘ಜಾ’ಗೆ ಅದರ ‘ವಾ’ ಸೇರಿಸಿದ. ಈ ಚರಿತ್ರೆಯನ್ನು ನಾನು ವಿವರಿಸಿದಾಗ ದೊಡ್ಡವ್ವ ಒಪ್ಪಲಿಲ್ಲ. ಅವರ ಪ್ರಕಾರ ಅದು ‘ಜಾಸ್ತಿ ವಾಸನೆ’. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ ಗಾಡಿಯ ಹಿಂದೆ ಇಷ್ಟು ವರ್ಷ ಕೂತವರು ಅವರು, ನಾನು ವಾದಿಸಲಿಲ್ಲ.

ಇಪ್ಪತ್ತು ವರ್ಷದಿಂದ ಹೊಸ ಗಾಡಿ ಪಾಳು ಬಿದ್ದ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿತ್ತು. ಹೋದ ವರ್ಷ ಬೆಂಗಳೂರಿನಿಂದ ಎರಡು ತಿಂಗಳ ರಜೆ ಹಾಕಿ ಬಂದ ನಾನು, ಗೋಣಿತಾಟು ಎಳೆದು, ಧೂಳು ಜಾಡಿಸಿ, ಟ್ಯಾಂಕಿನ ಪಕ್ಕದ ಕ್ರೋಮ್ ಒಂದು ಅಂಗೈಯಗಲ ಹೊಳೆದದ್ದೇ ತಡ, “ದೊಡ್ಡಪ್ಪ, ಇದನ್ನ ರೆಸ್ಟೋರ್ ಮಾಡೋಣ” ಅಂದೆ.

“ಅಂಗಂದ್ರೆ?”

“ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡೋದು.”

“ರಿಪೇರಿ ಅನ್ನು. ಪ್ಲಗ್ಗು ವಸಿ ಕಪ್ಪಾಗದೆ ಅಷ್ಟೇಯ. ನಾನೇ ನಾಳೆ ನೋಡವಾ ಅಂತಿದ್ದೆ.”

ಇಪ್ಪತ್ತು ವರ್ಷದ ನಾಳೆ!

ನಮ್ಮಿಬ್ಬರ ಜಗಳದ ಬೇರು ಇಲ್ಲೇ ಇತ್ತು. ನನಗೆ ಅದು ಪುರಾತನ ವಸ್ತು, ಅವರಿಗೆ ನಿನ್ನೆ ಕೆಟ್ಟ ಗಾಡಿ. ನಾನು ಹಳೆ ಕ್ಯಾಟಲಾಗ್ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ ಮೆರೂನ್ ಬಣ್ಣದ ಛಾಯೆ ಹುಡುಕುತ್ತಿದ್ದರೆ, ಅವರು ಚುಂಚನಕಟ್ಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವವರಂತೆ ಚೈನ್ ಕವರ್ ಬಿಚ್ಚಿ, ಸ್ಪ್ರಾಕೆಟ್ಟಿನ ಹಲ್ಲಿನ ಮೇಲೆ ಬೆರಳಾಡಿಸಿ, “ಬಾಯ್ಗೂಡದೆ. ಆದ್ರೂ ಇನ್ನೂ ನಾಲ್ಕು ಬೇಸಾಯ ಮಾಡ್ತದೆ” ಎಂದು ತೀರ್ಪು ಕೊಟ್ಟರು. ನಾನು ಬಿಚ್ಚಿದ ಪ್ರತಿಯೊಂದು ನಟ್ಟಿಗೂ ಚೀಟಿ ಅಂಟಿಸಿ ಡಬ್ಬಿಗೆ ಹಾಕುತ್ತಿದ್ದೆ. ಅವರು ಬಿಚ್ಚಿದ್ದನ್ನೆಲ್ಲ ಒಂದೇ ಮಂಕರಿಗೆ ಸುರಿಯುತ್ತಿದ್ದರು. ಕೊನೆಗೆ ಜೋಡಿಸುವಾಗ ನನ್ನ ಡಬ್ಬಿಯಲ್ಲಿ ಮೂರು ನಟ್ಟು ಕಡಿಮೆ ಬಂದವು, ಅವರ ಮಂಕರಿಯಲ್ಲಿ ಐದು ಹೆಚ್ಚಿದ್ದವು.

ಜಾವಾ ಓಡಿಸಿದವರಿಗೆ ಗೊತ್ತು, ಅದರಲ್ಲಿ ಗೇರಿಗೂ ಕಿಕ್ಕರಿಗೂ ಒಂದೇ ಲಿವರು, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರು. ಒಂದೇ ಸೊಸೆ ಅಡಿಗೆಯನ್ನೂ ಮಾಡಿ ಕೊಟ್ಟಿಗೆಯನ್ನೂ ನೋಡಿಕೊಂಡ ಹಾಗೆ. ಇನ್ನೊಂದು ಜಾಣತನವೆಂದರೆ, ಗೇರು ತುಳಿದರೆ ಕ್ಲಚ್ಚು ತಾನಾಗೇ ಬಿಡುತ್ತದೆ. ಬಲಗೈ ಆಕ್ಸಿಲರೇಟರಿಗೆ, ಎಡಗೈ ಪಂಚೆ ಹಿಡಿಯುವುದಕ್ಕೆ. ಪಂಚೆ ಉಟ್ಟವರ ಕಷ್ಟ ಆ ಜೆಕ್ ದೇಶದವರಿಗೆ ಹೇಗೆ ತಿಳಿಯಿತು ಎನ್ನುವುದು ದೊಡ್ಡಪ್ಪನಿಗೆ ಇಂದಿಗೂ ಬಗೆಹರಿಯದ ಸೋಜಿಗ.

ಎಲ್ಲಕ್ಕಿಂತ ಕಷ್ಟವಾದದ್ದು ಸೈಲೆನ್ಸರು. ಇರುವುದು ಒಂದೇ ಸಿಲಿಂಡರಾದರೂ ಹೊಗೆಕೊಳವೆ ಎರಡು. ಎರಡರೊಳಗೂ ಇಪ್ಪತ್ತು ವರ್ಷದ ಹಿಂದಿನ ಕರಿ ಹಪ್ಪಳಗಟ್ಟಿತ್ತು. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬೇಕೆಂದು ನಾನು ಎಲ್ಲೋ ಓದಿದ್ದೆ. “ಅದ್ಯಾಕ್ಲಾ, ಬೆಂಕಿ ಇಲ್ವಾ ಮನೇಲಿ?” ಎಂದ ದೊಡ್ಡಪ್ಪ, ಬೆಳಗಿನ ಜಾವ ಯಾರೂ ಏಳುವ ಮುಂಚೆ ಒಳಗಿನ ಕೊಳವೆಗಳನ್ನು ಬಚ್ಚಲ ನೀರೊಲೆಗೆ ತುರುಕಿದರು. ಒಲೆ ಹಿಂದೆಂದೂ ಉರಿಯದ ಹಾಗೆ ಉರಿಯಿತು. ಹಂಡೆಯ ನೀರು ಕುದಿಯಿತು. ಅವತ್ತು ಶನಿವಾರ. ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದ ದೊಡ್ಡವ್ವ ಅರ್ಧಕ್ಕೇ ಹೊರಗೆ ಬಂದರು. ಮೂಗಿನ ತುದಿ ಕಪ್ಪಗಿತ್ತು. ನಮ್ಮಿಬ್ಬರ ಕಡೆ ಒಮ್ಮೆ ನೋಡಿ ಏನೂ ಅನ್ನದೆ ಒಳಗೆ ಹೋದರು. ಮಧ್ಯಾಹ್ನ ಮುದ್ದೆಯ ಜೊತೆ ಬರೀ ಉಪ್ಪು ಬಡಿಸಿದರು.

ಸಾಮಾನು ಹುಡುಕುವ ಕತೆ ಬೇರೆ. 1973ರ ಸುಮಾರಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ ಮತ್ತೆ ಹುಟ್ಟಿತಾದರೂ ಅದನ್ನು ಹೆತ್ತದ್ದು ಮಧ್ಯಪ್ರದೇಶದ ಪೀತಂಪುರ, ಇಂಜಿನ್ನೂ ಫೋರ್ ಸ್ಟ್ರೋಕು. ಅದರ ಸಾಮಾನು ನಮ್ಮ ಗಾಡಿಗೆ ಮೊಮ್ಮಗನ ಷೂ ತಾತನಿಗೆ ಹಾಕಿದ ಹಾಗೆ. ಮೈಸೂರಿನ ಹಳೆ ಮೆಕ್ಯಾನಿಕ್ಕುಗಳು ಒಂದೊಂದನ್ನು ಅಟ್ಟದ ಮೇಲಿಂದ ತೆಗೆದುಕೊಟ್ಟರು. ಎಲ್ಲಿ ಸುತ್ತಿದರೂ ಸಿಗದೇ ಹೋದದ್ದು ಟ್ಯಾಂಕಿನ ಬಲಗಡೆ ಮೊಣಕಾಲು ಒತ್ತುವ ಕಡೆ ಇರುವ ಕಪ್ಪು ರಬ್ಬರು. ಎಡಗಡೆಯದು ಗಾಡಿಯಲ್ಲೇ ಇತ್ತು. ಒಂದು ತಿಂಗಳು ಅಲೆದ ಮೇಲೆ ಒಂದು ದಿನ ಅಡಿಗೆಮನೆಯಲ್ಲಿ ನೀರು ಕುಡಿಯುತ್ತಾ ಬಗ್ಗಿ ನೋಡುತ್ತೇನೆ, ರುಬ್ಬುವ ಗ್ರೈಂಡರಿನ ಮೋಟು ಕಾಲಿನ ಕೆಳಗೆ ಅದೇ ರಬ್ಬರು! “ಅದು ತೆಗೆದ್ರೆ ಗ್ರೈಂಡರ್ ಕುಣೀತದೆ” ಎಂದರು ದೊಡ್ಡವ್ವ. ನೀರೊಲೆಯ ಪ್ರಕರಣ ಇನ್ನೂ ಹಸಿಯಾಗಿತ್ತು. ನಾವು ಸುಮ್ಮನಾದೆವು.

ಕೊನೆಗೆ ಪಾಯಿಂಟ್ ಸೆಟ್ ಮಾಡಿ ಟೈಮಿಂಗ್ ಕೂಡಿಸುವ ದಿನ ಬಂತು. ಹುಣಸೂರಿನಿಂದ ಬರುತ್ತೇನೆಂದ ಮೆಕ್ಯಾನಿಕ್ಕು ಬರಲಿಲ್ಲ. “ಅವನ್ಯಾಕೆ, ನಂಗೆ ಕಿವೀಲೇ ಗೊತ್ತಾಯ್ತದೆ” ಎಂದು ದೊಡ್ಡಪ್ಪ ಸ್ಕ್ರೂಡ್ರೈವರ್ ಹಿಡಿದರು. ಆರು ಸಲ ಒದ್ದರೂ ಉಸಿರಿಲ್ಲ. ಏಳನೆಯ ಸಲ ಕಿಕ್ಕರೇ ತಿರುಗಿ ಒದ್ದಿತು. ದೊಡ್ಡಪ್ಪ ಹಾರಿ ಕೂತ ಹಾಗೆಯೇ ಇಂಜಿನ್ ‘ಡುಗುಡುಗುಡುಗು’ ಎಂದು ಶುರುವಾಯಿತು! ಬೀದಿಯ ಮಕ್ಕಳು ಕೂಗಿದವು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ. ದೊಡ್ಡಪ್ಪ ಪಂಚೆ ಮೇಲೆ ಕಟ್ಟಿ, ಮೀಸೆ ತೀಡಿ, ಹೊಸಿಲ ಮೇಲೆ ನಿಂತಿದ್ದ ದೊಡ್ಡವ್ವನ ಕಡೆ ಒಂದು ನೋಟ ಬೀರಿ, ಫಸ್ಟ್ ಗೇರು ಹಾಕಿ ಆಕ್ಸಿಲರೇಟರ್ ತಿರುವಿದರು.

ಗಾಡಿ ಹಿಂದಕ್ಕೆ ಹೊರಟಿತು.

ಟೂ ಸ್ಟ್ರೋಕ್ ಇಂಜಿನ್ನಿಗೆ ಈ ಗುಣವುಂಟು. ಅದಕ್ಕೆ ಎಡ ಬಲದ ಭೇದವಿಲ್ಲ. ಟೈಮಿಂಗ್ ತಪ್ಪಿ ಕಿಕ್ಕರ್ ತಿರುಗಿ ಒದ್ದಾಗ ಕೆಲವೊಮ್ಮೆ ಒಳಗಿನ ಚಕ್ರ ಉಲ್ಟಾ ಸುತ್ತಿ, ಹಾಗೆಯೇ ಉರಿಯುತ್ತಾ ನಿಲ್ಲುತ್ತದೆ. ಆಗ ಇರುವ ನಾಲ್ಕು ಗೇರೂ ರಿವರ್ಸ್ ಗೇರೇ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು, ಮುಂದಕ್ಕೆ ನೋಡುತ್ತಾ ನೆಟ್ಟಗೆ ಕೂತ ದೊಡ್ಡಪ್ಪ ಗಂಭೀರವಾಗಿ ನಮ್ಮಿಂದ ದೂರ ಸರಿಯುತ್ತಾ ಹೋಗಿ, ಬಣವೆಯ ಪಕ್ಕದ ತಿಪ್ಪೆಗೆ ಹಿಂದಿನ ಚಕ್ರ ಹೂಳಿ ನಿಂತದ್ದು.

ದೊಡ್ಡವ್ವ ನೀರೊಲೆಯ ದಿನ ಆಡದೆ ಉಳಿಸಿಕೊಂಡಿದ್ದ ಮಾತನ್ನು ಈಗ ಆಡಿದರು. “ಲಗ್ನವಾದಾಗ್ಲಿಂದ ನೋಡ್ತಾ ಇವ್ನಿ. ಈವಯ್ಯ ಮುಂದಕ್ಕೆ ಹೋಗಿದ್ದು ಯಾವಾಗ?”

ದೊಡ್ಡಪ್ಪ ತಿಪ್ಪೆಯಲ್ಲಿ ಕೂತಲ್ಲಿಂದಲೇ ಇಂಜಿನ್ ಆಫ್ ಮಾಡಿ, ಗಾಡಿಯ ಟ್ಯಾಂಕು ಸವರಿ ನನಗೆ ಸಮಾಧಾನ ಹೇಳಿದರು. “ಎತ್ತೂ ಇಂಗೇ ಕಣ್ಲಾ. ಬಾಳ ದಿನ ಕಟ್ಟಾಕಿ ಬುಟ್ರೆ ಮೊದ್ಲು ಹಿಂದಕ್ಕೇ ಜಗ್ತವೆ.”

ಆಮೇಲೆ ಉಳಿದದ್ದು ಕಾಗದದ ಕೆಲಸ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ಮಾಡಿದೆ. ‘ವಿಂಟೇಜ್’ ಎಂದು ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ, ಶುಲ್ಕ 20 ಸಾವಿರ ರೂಪಾಯಿ. ಗಾಡಿ ಮೂಲರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಆ ಅಕ್ಷರದ ಮೇಲೆ ಬಲು ಆಸೆಯಿತ್ತು. ನಿಯಮವನ್ನು ಓದಿ ಹೇಳಿದೆ.

“ಇಪ್ಪತ್ತು ಸಾವಿರ ಕೊಟ್ಟು ಓಡಿಸ್ದೆ ಮಡಗಬೇಕಾ?” ಎಂದರು ದೊಡ್ಡಪ್ಪ. “ಇಷ್ಟು ವರ್ಷ ಬಿಟ್ಟಿಯಾಗೇ ಮಡಗಿರ್ಲಿಲ್ವಾ?”

ಮೂಲರೂಪದ ಮಾತು ಬಂದಾಗ ಹಿಂದಿನ ಸೀಟಿನ ಪಕ್ಕ ಬೆಸುಗೆ ಹಾಕಿದ್ದ ಎರಡು ಕಬ್ಬಿಣದ ಕೊಕ್ಕೆ ತೋರಿಸಿ, ಇದನ್ನು ಕುಯ್ಯಿಸಬೇಕು ಅಂದೆ. ಡೈರಿಗೆ ಹಾಲಿನ ಕ್ಯಾನು ಹೊರಲು ಅವರೇ ಹಾಕಿಸಿದ್ದ ಕೊಕ್ಕೆಗಳು ಅವು. ಕ್ಯಾಟಲಾಗಿನ ಯಾವ ಚಿತ್ರದಲ್ಲೂ ಇಲ್ಲ. ದೊಡ್ಡಪ್ಪ ಸ್ವಲ್ಪ ಹೊತ್ತು ಕೊಕ್ಕೆ ಹಿಡಿದುಕೊಂಡು ನಿಂತರು. ಈ ಕೊಕ್ಕೆಯ ಹಾಲಿನಲ್ಲೇ ಅಲ್ಲವೇ ನಿನ್ನನ್ನು ಬಿ.ಇ. ಓದಿಸಿದ್ದು ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. “ಬಣ್ಣ ಹೊಡೆಯೋನಿಗೆ ಹೇಳು, ಕೊಕ್ಕೆಗೂ ಅದೇ ಮೆರೂನ್ ಹೊಡೀಲಿ” ಎಂದರು.

ಹಾಗೇ ಹೊಡೆಸಿದೆವು. ವಿಂಟೇಜ್ ಬೇಡವೆಂದು ಮಾಮೂಲಿ ಆರ್‌ಸಿ ನವೀಕರಣಕ್ಕೇ ಅರ್ಜಿ ಹಾಕಿದ್ದೇವೆ. ಅದು ಬರುವವರೆಗೆ ಗಾಡಿ ತೋಟದ ಬಂಡಿಜಾಡು ದಾಟಿ ಟಾರ್ ರೋಡಿಗೆ ಇಳಿಯುವುದಿಲ್ಲ. ಈಗ ಮುಂದಕ್ಕೇ ಹೋಗುತ್ತದೆ.

ಎಲ್ಲವೂ ಆಯಿತು, ಬಲಗಡೆಯ ಆ ರಬ್ಬರೊಂದು ಬಿಟ್ಟು. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಹಳೆ ಜಾವಾ ಟ್ಯಾಂಕಿನದು ಬಿದ್ದಿದ್ದರೆ ದಯವಿಟ್ಟು ತಿಳಿಸಿ, ಹೇಳಿದ ಬೆಲೆ ಕೊಡುತ್ತೇವೆ. ನಮ್ಮದೇ ರಬ್ಬರನ್ನು ದೊಡ್ಡವ್ವನ ಹತ್ತಿರ ವಾಪಸು ಕೇಳುವ ಧೈರ್ಯ ನನಗೂ ಇಲ್ಲ, ದೊಡ್ಡಪ್ಪನಿಗಂತೂ ಇಲ್ಲವೇ ಇಲ್ಲ.