ಗುರುಬಲವಿಲ್ಲದ ರಾತ್ರಿ

ಟರ್ಮಿನಲ್‌ನಲ್ಲಿ ಸಾಧು ಹಸುವಿನಂತಿದ್ದ ನನ್ನ ಪೈಥಾನ್ ಸ್ಕ್ರಿಪ್ಟು, ಜುಪಿಟರ್ ನೋಟ್‌ಬುಕ್ಕಿಗೆ ಕಟ್ಟಿದೊಡನೆ ಹಾಯಲು ಬಂತು. ಮಾಡೆಲ್ಲಿಗೆ ಇನ್ನೂ ಅಕ್ಷರಾಭ್ಯಾಸವೇ ಆಗಿಲ್ಲ, ಆಗಲೇ ‘ಸಿಸ್ಟಮ್‌ಎಕ್ಸಿಟ್: 2’ ಎಂಬ ತೀರ್ಪು. ಎರಡು ಅಂದರೇನು? ಎಂಜಿನಿಯರಿಂಗನ್ನು ಎರಡನೇ ಸಲ ಓದು ಎಂದೇ?

ರಾತ್ರಿ ಹನ್ನೊಂದಕ್ಕೆ ಡೇಟಾ ಮೇಲೆ ಅನುಮಾನ, ಹನ್ನೆರಡಕ್ಕೆ ಜಿಪಿಯು ಮೇಲೆ, ಒಂದಕ್ಕೆ ನನ್ನ ಜಾತಕದ ಮೇಲೆ. ಜೂಲಿಯಾ, ಪೈಥಾನ್, ಆರ್ ಭಾಷೆಗಳನ್ನು ಬೆಸೆದು ಇಟ್ಟ ಹೆಸರೇ ಇರಬಹುದು; ಆದರೂ ಜುಪಿಟರ್ ಅಂದಮೇಲೆ ಗುರುಬಲ ಬೇಡವೇ?

ಕೊನೆಗೂ ಕಳ್ಳ ಸಿಕ್ಕಿಬಿದ್ದ: ಆರ್ಗ್‌ಪಾರ್ಸ್. ಟರ್ಮಿನಲ್‌ನಲ್ಲಿ ನಾವು ಟೈಪಿಸಿದ ಆಯ್ಕೆಗಳನ್ನು ಓದುವುದು ಅದರ ಕಸುಬು. ನೋಟ್‌ಬುಕ್ಕಿನ ಕರ್ನಲ್ಲೋ, ಏಳುವಾಗಲೇ ‘ಮೈನಸ್ ಎಫ್’ ಎಂದುಕೊಂಡು ಒಂದು ಜೇಸಾನ್ ಫೈಲಿನ ವಿಳಾಸವನ್ನು ಬಗಲಲ್ಲಿಟ್ಟುಕೊಂಡು ಬಂದಿರುತ್ತದೆ. ಅದನ್ನು ಕಂಡ ಆರ್ಗ್‌ಪಾರ್ಸ್, “ಇವರು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?” ಎಂದು ತಗಾದೆ ತೆಗೆದು ಮದುವೆಯನ್ನೇ ನಿಲ್ಲಿಸಿಬಿಡುತ್ತದೆ! ಮದ್ದು ಬಲು ಸುಲಭ: ಅದರ ಪಾರ್ಸ್‌ಆರ್ಗ್ಸ್ ಮೆಥಡ್‌ನ ಕೈಗೆ ಒಂದು ಖಾಲಿ ಪಟ್ಟಿ ಕೊಟ್ಟರಾಯಿತು, ಕಡ್ಡಾಯದ ಆಯ್ಕೆಗಳಿಲ್ಲದಿದ್ದರೆ ಡಿಫಾಲ್ಟ್‌ಗಳಲ್ಲೇ ಶುಭಕಾರ್ಯ ಮುಗಿಯುತ್ತದೆ.

ಬೆಳಗಿನ ಜಾವಕ್ಕೆ ಲಾಸ್ ಇಳಿಯತೊಡಗಿತು. ಖುಷಿಗೆ ಕರ್ನಲ್ ರೀಸ್ಟಾರ್ಟ್ ಮಾಡಿ, ಮೊದಲಿನಿಂದ ಎಲ್ಲ ಸೆಲ್ ಓಡಿಸಿದೆ. ‘ನೇಮ್‌ಎರರ್: ಡಿಎಫ್ ಎಂದರೆ ಯಾರು?’ ಎಂದಿತು. ಸಂಜೆಯೇ ನಾನು ಅಳಿಸಿಹಾಕಿದ್ದ ಸೆಲ್ಲಿನ ನೆನಪಿನಲ್ಲೇ ಅದು ಇಷ್ಟು ಹೊತ್ತು ಸಂಸಾರ ತೂಗಿಸಿತ್ತು!

ಒಲೆಯ ಮೇಲೆ ಕಾಫಿಗೆ ನೀರಿಟ್ಟೆ. ಅದೊಂದಾದರೂ ಕ್ರಮವಾಗಿ ಕುದಿಯಿತು.